ಅಪ್ಪನಿಗೆ ಹಾಕಿದ ಸೊನ್ನೆ

ಹೆತ್ತ ಅಪ್ಪನ ಉತ್ತರಕ್ಕೆ ಕೆಂಪು ಪೆನ್ಸಿಲಿನಿಂದ ಸೊನ್ನೆ ಸುತ್ತಿದ ಹೆಂಗಸು ನಮ್ಮ ನಪಾಲುಕ್ ಊರಿನಲ್ಲಿ ಅಗಾಫಿಯಾ ಒಬ್ಬಳೇ. ಅದೂ ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾದ ಮೇಲೆ. ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ ಸ್ವಲ್ಪ ಹಿಂದಿನಿಂದ ಶುರುಮಾಡಬೇಕು.

ಅಗಾಫಿಯಾಗೆ ಈಗ ಅರವತ್ತು. ಕುಸ್ಕೊಕ್ವಿಮ್ ನದಿಯ ದಡದ ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಸಹಾಯಕಿ. ಪಾಠ ಮಾಡುವವಳಲ್ಲ, ಪಾಠ ಮಾಡುವವರ ಪಕ್ಕದಲ್ಲಿ ನಿಲ್ಲುವವಳು. ಆಗಸ್ಟಿನಲ್ಲಿ ಅಲಾಸ್ಕದ ಹೊರಗಿನಿಂದ ವಿಮಾನದಲ್ಲಿ ಬಂದಿಳಿಯುವ ಮೇಷ್ಟ್ರುಗಳು ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಹಾಗೆ ಬಂದು ಹೋದ ಹತ್ತೊಂಬತ್ತು ಜನರನ್ನು ಅವಳು ಸುಧಾರಿಸಿದ್ದಾಳೆ. ನಮ್ಮ ಮಕ್ಕಳು ಹುಬ್ಬೆತ್ತಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ ಎಂದು ಪ್ರತಿ ಸಲ ಹೊಸ ಮೇಷ್ಟ್ರಿಗೆ ಕಲಿಸುವುದು ಅವಳ ಮೊದಲ ಕೆಲಸ. ಅದನ್ನು ಕಲಿಯುವ ತನಕ ಆ ಬಡಪಾಯಿ, ಈ ಮಕ್ಕಳು ಬಾಯೇ ಬಿಡುವುದಿಲ್ಲ ಎಂದು ಕೊರಗುತ್ತಿರುತ್ತಾನೆ. ನೆಲದಡಿಯ ಹೆಪ್ಪುಗಟ್ಟಿದ ಮಣ್ಣು ಕರಗುತ್ತ ಬಂದು ಶಾಲೆ ಪೂರ್ವಕ್ಕೆ ವಾಲಿದೆ. ಮೇಜಿನ ಮೇಲಿಟ್ಟ ಪೆನ್ಸಿಲು ಉರುಳಿ ಕಿಟಕಿಯ ಕಡೆಗೇ ಬೀಳುತ್ತದೆ. ಅದನ್ನು ಹೆಕ್ಕಿ ಕೊಡುವುದೂ ಅಗಾಫಿಯಾಳ ಕೆಲಸವೇ.

ಅವಳಿಗೆ ಹದಿಮೂರು ತುಂಬಿದ ವರ್ಷ ನಮ್ಮೂರಿನಲ್ಲಿ ದೊಡ್ಡ ತರಗತಿಗಳಿರಲಿಲ್ಲ. ಓದಬೇಕಾದವರನ್ನು ವಿಮಾನ ಹತ್ತಿಸಿ ದೂರದ ವಸತಿಶಾಲೆಗೆ ಕಳಿಸುತ್ತಿದ್ದರು. ಅಗಾಫಿಯಾ ಅಲ್ಲಿ ಮೂರು ವರ್ಷ ಇದ್ದಳು. ಪ್ರತಿಯೊಂದು ಪ್ರಶ್ನೆಗೂ ಒಂದೇ ಒಂದು ಸರಿ ಉತ್ತರ ಇರುತ್ತದೆ, ಅದು ಪುಸ್ತಕದ ಕೊನೆಯ ಹಾಳೆಯಲ್ಲಿ ಅಚ್ಚಾಗಿರುತ್ತದೆ ಎಂದು ಅಲ್ಲಿ ಕಲಿತಳು. ಅದರ ಹೊರತಾಗಿ ಏನು ಬರೆದರೂ ಕೆಂಪು ಪೆನ್ಸಿಲು ಬೀಳುತ್ತದೆ ಎಂದೂ ಕಲಿತಳು. ಹದಿನಾರಕ್ಕೆ ಊರಿಗೆ ಮರಳಿದಾಗ ಭಿನ್ನರಾಶಿ ಚೆನ್ನಾಗಿ ಬರುತ್ತಿತ್ತು. ನದಿಯ ಮೇಲಿನ ಮಂಜುಗಡ್ಡೆ ಎಲ್ಲಿ ಹೊರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಮಾತ್ರ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ. ಓರಗೆಯ ಹುಡುಗಿಯರು ನಕ್ಕರು.

ಅವಳ ಅಪ್ಪನ ಹೆಸರು ನುರಾತಾಕ್, ನದಿಗೆ ದಾರಿ ಹಾಕುವವನು. ಪ್ರತಿ ಚಳಿಗಾಲ ನದಿ ಹೆಪ್ಪುಗಟ್ಟಿದ ಮೇಲೆ, ತುದಿಗೆ ಕಬ್ಬಿಣ ಕಟ್ಟಿದ ತನ್ನ ಕುಟ್ಟುಗೋಲು ಹಿಡಿದು ಗಡ್ಡೆಯ ಮೇಲೆ ನಡೆಯುತ್ತಿದ್ದ. ಹೆಜ್ಜೆಗೊಮ್ಮೆ ಕುಟ್ಟಿ, ಗಟ್ಟಿ ಕಂಡಲ್ಲಿ ವಿಲೋ ಗಿಡದ ಕೊಂಬೆ ನೆಡುತ್ತಿದ್ದ. ಊರು ಮೇ ತಿಂಗಳವರೆಗೆ ಆ ಕೊಂಬೆಗಳ ಗುಂಟ ಆಚೆ ದಡಕ್ಕೆ ಹೋಗಿಬರುತ್ತಿತ್ತು. ಮಗಳು ಬಂದ ಚಳಿಗಾಲ ಕೋಲನ್ನು ಅವಳ ಕೈಗೆ ಕೊಟ್ಟು ಮುಂದೆ ಬಿಟ್ಟ. ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ತಾನು ಹಿಂದೆ ನಡೆದ.

ಅಗಾಫಿಯಾ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ಕೇಳುತ್ತಿದ್ದಳು, "ಅಪ್ಪಾ, ಇಲ್ಲಿ ಸಾಕಾ?"

"ನನ್ನ್ಯಾಕೆ ಕೇಳ್ತೀಯಾ, ನಾನೇನು ಗಡ್ಡೆನಾ?" ಎನ್ನುತ್ತಿದ್ದ ಅಪ್ಪ.

ಅಷ್ಟೇ. ಮೂರು ಚಳಿಗಾಲ ಕಳೆದರೂ ಇಲ್ಲಿ ಹೋಗು, ಅಲ್ಲಿ ಹೋಗಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ಓದಿ ಬಂದ ಮಗಳ ಮೇಲೆ ಅಪ್ಪನಿಗೆ ಏನೋ ಮುನಿಸು, ಗೊತ್ತಿದ್ದೂ ಹೇಳುತ್ತಿಲ್ಲ ಎಂದೇ ಅಗಾಫಿಯಾ ತಿಳಿದಿದ್ದಳು. ಗಡ್ಡೆನಾ ಎಂಬ ಅಪ್ಪನ ಆ ಮಾತನ್ನು ಯಾರ ಮುಂದೆಯೂ ಆಡಲಿಲ್ಲ, ಮದುವೆಯಾದ ಯಾಕೊವ್‌ನ ಮುಂದೆ ಕೂಡ. ಅದು ಅವಳ ಪಾಲಿನ ಸಣ್ಣ ಅವಮಾನವಾಗಿ ಎಲ್ಲೋ ಒಳಗೆ ಉಳಿದುಕೊಂಡಿತು.

ಹದಿನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಅಪ್ಪ ಹೋದ. ಜನವರಿಯಲ್ಲಿ ನೆರೆಮನೆಯ ಲೂಸಿಗೆ ಹೆಣ್ಣು ಮಗು ಹುಟ್ಟಿತು. ಕೊನೆಗೆ ಹೋದವರ ಹೆಸರನ್ನು ಮೊದಲು ಹುಟ್ಟಿದವರಿಗೆ ಇಡುವುದು ನಮ್ಮ ಪದ್ಧತಿ. ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ, ರಕ್ತಸಂಬಂಧವೂ ಬೇಕಿಲ್ಲ. ಬಾಯಿಗೆ ನೀರಿನ ಹನಿ ಮುಟ್ಟಿಸಿ ನುರಾತಾಕ್ ಎಂದು ಕರೆದರು. ಚರ್ಚಿನ ಪುಸ್ತಕದಲ್ಲಿ ನಸ್ತಾಸಿಯಾ ಎಂದು ಬರೆಸಿದರು. ಹೆಸರಿನ ಜೊತೆ ಹೆಸರಿನವನೂ ಬರುತ್ತಾನೆ. ಅಗಾಫಿಯಾ ಒಣಮೀನು, ಪುಟ್ಟ ತುಪ್ಪಳದ ಬೂಟು ಹಿಡಿದುಕೊಂಡು ಹೋಗಿ ತೊಟ್ಟಿಲ ಮೇಲೆ ಬಗ್ಗಿ, "ಬಂದ್ಯಾ ಅಪ್ಪಾ?" ಎಂದು ಕೇಳಿ ಮನಸಾರೆ ಅತ್ತಳು. ಅವತ್ತಿನಿಂದ ಆ ಹುಡುಗಿಯನ್ನು ಅವಳು ಅಪ್ಪಾ ಎಂದಲ್ಲದೆ ಬೇರೆ ಹೆಸರಿನಿಂದ ಕರೆದಿಲ್ಲ.

ಹುಡುಗಿಗೆ ಮಾತ್ರ ಶಾಲೆಗೆ ಸೇರಿದ ಮೇಲೆ ಇದೊಂದು ನಾಚಿಕೆಯ ವಿಷಯವಾಯಿತು. ಎಲ್ಲರ ಎದುರು ಶಾಲೆಯ ಸಹಾಯಕಿ ಬಂದು "ಅಪ್ಪಾ, ಮೂಗು ಒರೆಸ್ಕೋ" ಎಂದರೆ ಯಾವ ಹುಡುಗಿಗೆ ಹಿತವಾಗುತ್ತದೆ? ಹೆಸರಿನ ಲೆಕ್ಕಕ್ಕೆ ಅವಳೂ ತಿರುಗಿ ಮಗಳೇ ಎನ್ನಬೇಕು. ಅವಳು ಎಂದೂ ಅನ್ನಲಿಲ್ಲ. ಆಂಟಿ ಎಂದೇ ಕರೆದಳು. ಅಗಾಫಿಯಾ ಒತ್ತಾಯ ಮಾಡಲಿಲ್ಲ. ಆಸೆ ಮಾತ್ರ ಇತ್ತು.

ಇನ್ನು ಮತ್ರೋನಾಳನ್ನು ಬಿಡುವ ಹಾಗಿಲ್ಲ. ಶಾಲೆಯ ಅಡುಗೆಯವಳು, ಅಗಾಫಿಯಾಳ ಸೋದರತ್ತೆಯ ಮಗಳು. ಸೋದರತ್ತೆಯ ಮಕ್ಕಳಿಗೆ ಕಾಲೆಳೆಯುವ ಹಕ್ಕು ನಮ್ಮಲ್ಲಿ ಹುಟ್ಟಿನಿಂದಲೇ ಬರುತ್ತದೆ, ಎಳೆಸಿಕೊಂಡವರು ಮುಖ ಗಂಟಿಕ್ಕುವಂತಿಲ್ಲ. ಮತ್ರೋನಾ ಆ ಹಕ್ಕನ್ನು ಒಂದು ದಿನವೂ ವ್ಯರ್ಥ ಮಾಡಿದವಳಲ್ಲ. ನುರಾತಾಕ್ ಅವಳಿಗೆ ಸೋದರಮಾವ. ಹಾಗಾಗಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹದಿನಾಲ್ಕರ ಹುಡುಗಿಗೆ, "ಮಾವ, ಇನ್ನೊಂದು ಸೌಟು ಹಾಕ್ಲಾ, ಬಡವಾಗಿದ್ದೀಯ" ಎನ್ನುತ್ತಿದ್ದಳು.

ಮೊನ್ನೆಯ ಆಗಸ್ಟಿನಲ್ಲಿ ಬಂದವನು ಲಾಂಬರ್ಟ್ ಮೇಷ್ಟ್ರು. ಇಪ್ಪತ್ತೇಳರ ಹುಡುಗ, ಉದ್ದ ಕತ್ತು, ಮನಸ್ಸು ಒಳ್ಳೆಯದು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಮಕ್ಕಳಿಗೆ ಏನು ಕಲಿಸಬೇಕು ಎಂಬ ಚಿಂತೆ ಅವನನ್ನು ನಿಜವಾಗಿಯೂ ತಿನ್ನುತ್ತಿತ್ತು. ಅದಕ್ಕೆಂದೇ ಮೇಲಿನ ಕಚೇರಿಯವರು ಒಂದು ಹೊಸ ಪುಸ್ತಕವನ್ನೂ ಕಳಿಸಿದ್ದರು. ಮೊದಲ ಪಾಠದ ಪ್ರಶ್ನೆ, ನಿಮ್ಮ ಮನೆಯವರು ಕಾರು ಓಡಿಸುವುದನ್ನು ಹೇಗೆ ಕಡಿಮೆ ಮಾಡಬಹುದು ಎಂದು. ನಮ್ಮೂರಿನಲ್ಲಿ ಕೆಸರಿನ ಮೇಲೆ ಹಾಸಿದ ಹಲಗೆದಾರಿ ಬಿಟ್ಟರೆ ರಸ್ತೆ ಎಂಬುದೇ ಇಲ್ಲ. ಟಿಮೊಫಿ ಎಂಬ ಹುಡುಗ, "ನಾವು ಆಗಲೇ ಕಡಿಮೆ ಮಾಡಿದ್ದೇವೆ" ಎಂದು ಬರೆದ. ಲಾಂಬರ್ಟ್ ಅದನ್ನು ಓದಿ ಪುಸ್ತಕವನ್ನು ಬೀರುವಿಗೆ ಹಾಕಿದ. ಅಷ್ಟು ಮಾಡಿದ ಮೇಷ್ಟ್ರು ಹತ್ತೊಂಬತ್ತರಲ್ಲಿ ಇನ್ನೊಬ್ಬರಿರಲಿಲ್ಲ.

ಆಮೇಲೆ ಅವನು ಅಗಾಫಿಯಾಳ ಹತ್ತಿರ ಬಂದ. "ಅಗಾಫಿಯಾ ಅವರೇ, ನಿಮ್ಮ ತಂದೆ ನದಿಗೆ ದಾರಿ ಹಾಕ್ತಿದ್ರಂತೆ. ಅದನ್ನೇ ಪಾಠ ಮಾಡೋಣ. ಈ ಮಕ್ಕಳಿಗೆ ಬೇಕಾದ ವಿದ್ಯೆ ಇಲ್ಲೇ ಇದೆ, ನಾವು ಎಲ್ಲಿಂದಲೋ ತರ್ತಿದ್ದೀವಿ. ನೀವು ಬರೆದುಕೊಡ್ತೀರಾ?"

ಮೂವತ್ತೊಂದು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅಗಾಫಿಯಾ ಎರಡು ವಾರ ಕೂತು, ಅಪ್ಪ ಕೊನೆಯ ಚಳಿಗಾಲ ಹಾಕಿದ ದಾರಿಯನ್ನು ನೆನಪಿನಿಂದ ಎಳೆದಳು. ಚರ್ಚಿನ ಇಳಿಜಾರು, ನದಿಯ ತಿರುವು, ಎರಡು ವಿಲೋಗಳ ದ್ವೀಪ, ಆಚೆಯ ಕೆರೆ. ಲಾಂಬರ್ಟ್ ಅದಕ್ಕೆ ಬಣ್ಣ ಹಾಕಿಸಿ, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಹಾಕಿದ. "ನುರಾತಾಕನ ದಾರಿ" ಎಂದು ಮೇಲೆ ದಪ್ಪಕ್ಷರ. ಅಗಾಫಿಯಾ ಆ ಪಟದ ಎದುರು ಹಾದುಹೋಗುವಾಗಲೆಲ್ಲ ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದಳು. ಅದರಲ್ಲಿ ತಪ್ಪೇನೂ ಇಲ್ಲ, ಅವಳಿಗದು ಸಲ್ಲಬೇಕಾದದ್ದೇ.

ಫೆಬ್ರವರಿ ಮೊದಲ ವಾರ ಪರೀಕ್ಷೆ. ಕೊನೆಯ ಪ್ರಶ್ನೆ, ನದಿ ದಾಟಲು ಸುರಕ್ಷಿತವಾದ ದಾರಿ ಯಾವುದು, ಐದು ಅಂಕ. ಲಾಂಬರ್ಟ್ ಕೆಂಪು ಪೆನ್ಸಿಲನ್ನು ಅವಳ ಕೈಗಿತ್ತು, "ಇದು ನಿಮ್ಮ ಪಾಠ, ನೀವೇ ತಿದ್ದಬೇಕು" ಎಂದ. ಅಗಾಫಿಯಾ ಅಂದು ಕನ್ನಡಕ ಒರೆಸಿಕೊಂಡು, ಸರಿ ಉತ್ತರ ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. ಹನ್ನೊಂದು ಮಕ್ಕಳಲ್ಲಿ ಹತ್ತು ಮಂದಿ ಚರ್ಚಿನಿಂದ ಕೆರೆಯವರೆಗೆ ಒಂದೂ ಬಿಡದೆ ಬರೆದಿದ್ದರು. ಹನ್ನೊಂದನೆಯದು ನಸ್ತಾಸಿಯಾಳದು. "ಇಲ್ಲಿ ಕೂತು ಹೇಳೋಕೆ ಆಗಲ್ಲ. ಹೋಗಿ ಕುಟ್ಟಿ ನೋಡಬೇಕು." ಇಷ್ಟೇ.

ಅಗಾಫಿಯಾ ಚೀಟಿ ನೋಡಿದಳು. ಚೀಟಿಯಲ್ಲಿ ಹಾಗಿರಲಿಲ್ಲ. ಓದಿಕೊಳ್ಳದೆ ಬಂದು ಜಾರಿಕೊಳ್ಳಲು ನೋಡಿದ್ದಾಳೆ ಎನಿಸಿತು. ವಸತಿಶಾಲೆಯಲ್ಲಿ ಕಲಿತ ಕೈ ತಾನಾಗಿ ಓಡಿ ಸೊನ್ನೆ ಸುತ್ತಿತು. ಯಾರಿಗೆ ಸುತ್ತಿದೆ ಎಂಬುದು ಹೊಳೆದದ್ದು ಕಾಗದ ಹಂಚಿಯಾದ ಮೇಲೆ, ಅದೂ ಅಡುಗೆಮನೆಯಲ್ಲಿ.

"ಏನೇ, ನಮ್ಮ ಮಾವನ್ನ ಫೇಲ್ ಮಾಡಿದ್ಯಂತೆ?" ಎಂದಳು ಮತ್ರೋನಾ, ಸೌಟು ಸೊಂಟಕ್ಕೆ ಚುಚ್ಚಿಕೊಂಡು. "ಅದೂ ಅವನದೇ ದಾರಿ ಅವನಿಗೇ ಗೊತ್ತಿಲ್ಲ ಅಂತ. ಬದುಕಿದ್ದಾಗ ಒಂದು ಮಾತು ಎದುರಾಡಿದವಳಲ್ಲ ನೀನು. ಪೆನ್ಸಿಲ್ ಕೈಗೆ ಬಂದಿದ್ದೇ ತಡ, ಹೆತ್ತಪ್ಪನ್ನೇ ಬೆಂಚ್ ಮೇಲೆ ನಿಲ್ಲಿಸಿಬಿಟ್ಯಲ್ಲೇ."

ಅಗಾಫಿಯಾ ನಗಲು ನೋಡಿದಳು, ಆಗಲಿಲ್ಲ. "ತಪ್ಪಾಗೋಯ್ತಾ ಮತ್ರೋನಾ?"

"ನನ್ನ್ ಕೇಳಿದ್ರೆ? ಏನಾದ್ರೂ ತಗೊಂಡ್ಹೋಗಿ ಸಮಾಧಾನ ಮಾಡು. ಮುದುಕ ಮೊದಲೇ ಮುಂಗೋಪಿ."

ಆ ಸಂಜೆ ಅಗಾಫಿಯಾ ಕೊಬ್ಬು ಸಕ್ಕರೆ ಕಡೆದು, ಹಣ್ಣು ಬೆರೆಸಿ, ಒಂದು ದೊಡ್ಡ ಬಟ್ಟಲು ಅಕುತಾಕ್ ಮಾಡಿ ಲೂಸಿಯ ಮನೆಗೆ ಒಯ್ದಳು. ನಸ್ತಾಸಿಯಾ ಬಟ್ಟಲು ತೆಗೆದುಕೊಂಡು ತಲೆ ತಗ್ಗಿಸಿ ತಿಂದಳು. ಸೊನ್ನೆಯ ಮಾತು ಇಬ್ಬರೂ ಎತ್ತಲಿಲ್ಲ. ಅಂಕ ತಿದ್ದುತ್ತೇನೆ ಎನ್ನಲು ಅಗಾಫಿಯಾಳಿಗೂ ಬಾಯಿ ಬರಲಿಲ್ಲ, ಚೀಟಿಯಲ್ಲಿದ್ದದ್ದೇ ಸರಿ ಎಂದು ಒಳಗೊಳಗೆ ಇನ್ನೂ ಅನ್ನಿಸುತ್ತಿತ್ತು.

"ಇನ್ನೇನು ಬೇಕಪ್ಪಾ ನಿನಗೆ? ಕೇಳು."

ಹುಡುಗಿ ಚಮಚ ನೆಕ್ಕಿ, ಸ್ವಲ್ಪ ಯೋಚಿಸಿ, "ನಿಮ್ಮನೆ ಬಾಗಿಲ ಮೇಲೆ ಒಂದು ಕೋಲು ನೇತಾಕಿದ್ದೀರಲ್ಲ ಆಂಟಿ, ಅದು ಕೊಡ್ತೀರಾ?" ಎಂದಳು.

ಅಪ್ಪನ ಕುಟ್ಟುಗೋಲು. ಹದಿನಾಲ್ಕು ವರ್ಷ ಆ ಮೊಳೆಯಿಂದ ಇಳಿದದ್ದಲ್ಲ. ಅದನ್ನು ಯಾರಿಗೂ ಕೊಡುವ ಮನಸ್ಸು ಅಗಾಫಿಯಾಳಿಗಿರಲಿಲ್ಲ. ಆದರೆ ಅಪ್ಪ ತನ್ನ ವಸ್ತು ತಾನು ವಾಪಸು ಕೇಳಿದರೆ ಕೊಡುವುದಿಲ್ಲ ಎನ್ನುವುದು ಹೇಗೆ? ಮರುದಿನ ಬೆಳಿಗ್ಗೆ ಕೊಟ್ಟಳು. ಆ ವಾರವೆಲ್ಲ ಶಾಲೆ ಬಿಟ್ಟ ಮೇಲೆ ದಡದ ಅಂಚಿನಲ್ಲಿ ಟಣ್ ಟಣ್ ಎಂದು ಕುಟ್ಟುವ ಸದ್ದು ಕೇಳಿಸುತ್ತಿತ್ತು. ಹುಡುಗಾಟ ಎಂದುಕೊಂಡಳು.

ಗುರುವಾರ ಮಳೆ ಹಿಡಿಯಿತು. ಫೆಬ್ರವರಿಯಲ್ಲಿ ಮಳೆ ಎಂದರೆ ಹಿಂದಿನವರು ನಂಬುತ್ತಿರಲಿಲ್ಲ, ಈಗೀಗ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಶುಕ್ರವಾರವೂ ಸುರಿಯಿತು. ಶನಿವಾರ ಬೆಳಿಗ್ಗೆ ನಿಂತು, ಕಣ್ಣೆದುರಿನ ಕೈ ಕಾಣದಷ್ಟು ಮಂಜು ಇಳಿಯಿತು. ಹತ್ತು ಗಂಟೆಗೆ, ಊರವರು ತಮ್ಮತಮ್ಮಲ್ಲಿ ಮಾತಾಡುವ ಮನೆಮನೆಯ ರೇಡಿಯೊದಲ್ಲಿ ಯಾಕೊವ್‌ನ ಧ್ವನಿ ಬಂತು. ಅಗಾಫಿಯಾಳ ಗಂಡ, ಕಾಣೆಯಾದವರನ್ನು ಹುಡುಕುವ ಊರಿನ ತಂಡದವನು, ಬೇಡದ ಮಾತಾಡುವವನಲ್ಲ.

"ತಿರುವಿನಲ್ಲಿ ಗಡ್ಡೆ ಬಾಯಿಬಿಟ್ಟಿದೆ. ಶಾಲೆಯಷ್ಟು ಅಗಲ ನೀರು. ಯಾರೂ ಇಳೀಬೇಡಿ."

ಅದರ ಬೆನ್ನಿಗೇ ಟಿಮೊಫಿಯ ಅಜ್ಜನ ನಡುಗುವ ದನಿ. "ಹುಡುಗರು ಹೋಗಿದ್ದಾರೆ. ಬೆಳಿಗ್ಗೆ ಎಂಟಕ್ಕೇ ಹಿಮಗಾಡಿ ತಗೊಂಡು ಕೆರೆಗೆ ಹೋದ್ರು, ಬೋನಿಗೆ ಬಿದ್ದ ಕರಿಮೀನು ತರೋಕೆ. ಟಿಮೊಫಿ, ಎಲಿಯಾ, ನುರಾತಾಕ್. ಟಿಮೊಫಿ ಕೈರೇಡಿಯೊ ಇಲ್ಲೇ ಬಿಟ್ಟು ಹೋಗಿದ್ದಾನೆ."

ಮತ್ತೆ ಯಾಕೊವ್‌ನ ಧ್ವನಿ ಬಂತು. "ಗಾಡಿಯ ಜಾಡು ಇದೆ. ಚರ್ಚಿನ ಇಳಿಜಾರಿನಿಂದ ಇಳಿದು ನೀರಿನ ಅಂಚಿನ ತನಕ ಹೋಗಿದೆ. ಅಲ್ಲಿಗೆ ನಿಂತಿದೆ."

ಇಂಥ ಹೊತ್ತಿನಲ್ಲಿ ಊರು ಸೇರುವುದು ಶಾಲೆಯ ಆಟದ ಹಾಲಿನಲ್ಲಿ. ಮತ್ರೋನಾ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟಳು. ಲೂಸಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಗಂಡಸರು ದೋಣಿ, ಕೊಕ್ಕೆ, ಹಗ್ಗ ಹೊತ್ತು ನದಿಗೆ ಹೋದರು. ಅಗಾಫಿಯಾ ಹಾಲಿನಲ್ಲಿ ನಿಲ್ಲಲಾರದೆ ತರಗತಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೋಡೆಯ ಮೇಲೆ ಪಟ ಇತ್ತು. ಬಣ್ಣದ ಗೆರೆ ಚರ್ಚಿನ ಇಳಿಜಾರಿನಿಂದ ಇಳಿದು ಅಚ್ಚುಕಟ್ಟಾಗಿ ತಿರುವಿಗೆ ಹೋಗುತ್ತಿತ್ತು, ಯಾಕೊವ್ ಹೇಳಿದ ಜಾಡಿನ ಹಾಗೆಯೇ. ನಾನೇ ಕಳಿಸಿದೆ, ಎಂದುಕೊಂಡಳು. ಐದಕ್ಕೆ ಐದು ಕೊಟ್ಟು ಕಳಿಸಿದೆ. ಅವಳ ಕೈಕಾಲು ತಣ್ಣಗಾದವು. ಒಂದೊಂದು ಚಳಿಗಾಲವೂ ಅಪ್ಪ ದಾರಿಯನ್ನು ಹೊಸದಾಗಿಯೇ ಹಾಕುತ್ತಿದ್ದ, ಕೆಲವು ವರ್ಷ ತಿರುವಿನ ಹತ್ತಿರ ಸುಳಿಯುತ್ತಲೂ ಇರಲಿಲ್ಲ ಎಂಬುದು ಈಗ ನೆನಪಿಗೆ ಬಂತು. ಗೊತ್ತಿಲ್ಲದ ಸಂಗತಿಯೇನಲ್ಲ. ಪಟ ಬರೆಯುವ ಸಂಭ್ರಮದಲ್ಲಿ ಕೊನೆಯ ಒಂದು ವರ್ಷದ ದಾರಿಯನ್ನು ಯಾವತ್ತಿಗೂ ಅದೇ ದಾರಿ ಎಂಬಂತೆ ಬರೆದಿದ್ದಳು. ಮಳೆಗಾಲವೇ ಚಳಿಗಾಲಕ್ಕೆ ನುಗ್ಗಿ ಬರುವ ಈ ದಿನಗಳಲ್ಲಿ ಹೋದ ವಾರದ ಗಡ್ಡೆಯೇ ಈ ವಾರ ಇರುವುದಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಗಡ್ಡೆಯನ್ನು ಅವಳು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದಳು.

ಮೇಜಿನ ಮೇಲೆ ಮಕ್ಕಳು ನೋಡಿ ವಾಪಸು ಕೊಟ್ಟ ಉತ್ತರದ ಕಾಗದಗಳಿದ್ದವು. ನಸ್ತಾಸಿಯಾಳದನ್ನು ಹುಡುಕಿ ತೆಗೆದಳು. ಹೋಗಿ ಕುಟ್ಟಿ ನೋಡಬೇಕು. ಪಕ್ಕದಲ್ಲಿ ತನ್ನ ಕೈಯಾರೆ ಸುತ್ತಿದ ಸೊನ್ನೆ. ಅಗಾಫಿಯಾ ಮಕ್ಕಳ ಸಣ್ಣ ಕುರ್ಚಿಯ ಮೇಲೆ ಕೂತು ಬಿಕ್ಕಿದಳು.

ಲಾಂಬರ್ಟ್ ಮೆಲ್ಲಗೆ ಬಾಗಿಲು ತೆಗೆದು ಬಂದ. "ಪಟ ಹಾಕಿದ್ದು ನಾನು," ಎಂದ. "ನಿಮ್ಮದೇನೂ ತಪ್ಪಿಲ್ಲ."

"ನೀವು ಎಲ್ಲಿಂದಲೋ ಬಂದವರು ಮೇಷ್ಟ್ರೇ, ನಿಮಗೆ ಗೊತ್ತಿರಲಿಲ್ಲ," ಎಂದಳು ಅಗಾಫಿಯಾ. "ನನಗೆ ಗೊತ್ತಿತ್ತು. ನಮ್ಮಪ್ಪ ಮೂರು ವರ್ಷ ನನ್ನ ಕೈಲಿ ಕುಟ್ಟಿಸಿದ. ಒಂದು ದಿನ ಬಾಯಲ್ಲಿ ಹೇಳಿಕೊಡಲಿಲ್ಲ. ಯಾಕೆ ಅಂತ ನನ್ನ ಬುದ್ಧಿಗೆ ಇವತ್ತಿನ ತನಕ ಹೊಳೀಲಿಲ್ಲ ನೋಡಿ."

ಇಬ್ಬರೂ ಸೇರಿ ಪಟವನ್ನು ಗೋಡೆಯಿಂದ ಬಿಚ್ಚಿ, ಸುರುಳಿ ಸುತ್ತಿ ಮೂಲೆಗಿಟ್ಟರು. ಆ ಹೊತ್ತಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ.

ಹನ್ನೆರಡಾಯಿತು. ಒಂದಾಯಿತು. ಒಂದೂವರೆಗೆ ಮಂಜು ಸ್ವಲ್ಪ ಹರಿಯಿತು. ಹಾಲಿನ ರೇಡಿಯೊ ಕರಕರ ಎಂದಿತು. ಯಾಕೊವ್‌ನ ಧ್ವನಿ ಬಂತು.

"ಬರ್ತಿದ್ದಾರೆ. ತಿರುವಿಗಿಂತ ಮೇಲಿನಿಂದ. ಮೂರೂ ಜನ. ಹುಡುಗಿ ಮುಂದೆ ಕುಟ್ತಾ ನಡೀತಿದ್ದಾಳೆ, ಹುಡುಗರು ಗಾಡಿ ಇಟ್ಕೊಂಡು ಹಿಂದೆ ದೂರದಲ್ಲಿ ಬರ್ತಿದ್ದಾರೆ."

ಲೂಸಿ ಎದ್ದು ಬಾಗಿಲಿಗೆ ಓಡಿದಳು. ಟಿಮೊಫಿಯ ಅಜ್ಜ ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡ. ಅಗಾಫಿಯಾಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೋದ ಜೀವ ಬಂತು ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ, ಬೆರಳ ತುದಿಗೆ ರಕ್ತ ಮರಳಿ ಬರುವುದು ನಿಜವಾಗಿಯೂ ಗೊತ್ತಾಗುತ್ತದೆ ಎಂದು ಅವಳು ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಹಾಲಿಗೆ ಬಂದಾಗ ಮೂವರೂ ಮೊಣಕಾಲಿನ ತನಕ ಒದ್ದೆ, ಅರ್ಧ ಬಕೆಟ್ ಕರಿಮೀನು ಬೇರೆ. ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಮನೆಯವರು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಮತ್ರೋನಾ ಮೂವರ ಕೈಗೂ ಬಿಸಿ ಬಟ್ಟಲು ಕೊಟ್ಟು, "ಸದ್ಯ, ಮಾವ ಎರಡನೇ ಸಲ ಸಾಯಲಿಲ್ಲ. ಒಂದೇ ಹೆಸರನ್ನ ಎಷ್ಟು ಸಲ ಅಂತ ಇಡೋದು" ಎಂದಳು. ಎಲ್ಲರೂ ಜೋರಾಗಿ ನಕ್ಕರು, ನಗುವುದಕ್ಕೆ ಅಂಥ ಕಾರಣವೇನೂ ಬೇಕಿರಲಿಲ್ಲ.

ಕತೆ ಹೇಳಿದವನು ಟಿಮೊಫಿ. ದೂರು ಹೇಳುವ ಹಾಗೆ ಹೇಳಿದ. "ನಾವು ಸೀದಾ ಹೋಗೋಣ ಅಂದ್ವಿ. ಗೋಡೆ ಮೇಲೆ ಇರೋ ದಾರಿನೇ, ನನಗೆ ಐದಕ್ಕೆ ಐದು ಬಂದಿತ್ತು. ಇವಳು ಗಾಡಿ ನಿಲ್ಲಿಸು ಅಂತ ಕೋಲಲ್ಲಿ ನನ್ನ ಬೆನ್ನಿಗೆ ಚುಚ್ಚಿದ್ಲು. ಇಳಿದು ಮುಂದೆ ಹೋಗಿ ಕುಟ್ಟಿದ್ಲು. ಒಂದೇ ಏಟಿಗೆ ನೀರು ಬಂತು. ಗಾಡಿನ ಬಂದ ಜಾಡಿನಲ್ಲೇ ಕೈಯಲ್ಲಿ ಹಿಂದಕ್ಕೆ ಎಳೆದ್ವಿ, ದಡ ಹತ್ತಿದ ಮೇಲೆ ಹಿಂದೆ ಏನೋ ಮುರಿದ ಸದ್ದು ಬಂತು. ಆಮೇಲೆ ಶುರುವಾಯ್ತು ನೋಡಿ ಇವಳದ್ದು. ನದಿ ಗುಂಟ ಮೇಲಕ್ಕೆ, ಮೇಲಕ್ಕೆ, ಹೆಜ್ಜೆಗೊಂದು ಏಟು. ಹಿಮ ಹೊದ್ದ ಕಡೆ ತೆಳು, ಗಾಳಿ ಗುಡಿಸಿದ ಕಡೆ ದಪ್ಪ ಅಂತ ಪಾಠ ಬೇರೆ. ಹೋಗೋಕೆ ಎರಡು ಗಂಟೆ, ಬರೋಕೆ ಮತ್ತೆ ಮೊದಲಿಂದ ಕುಟ್ಟಬೇಕಂತೆ. ಬರುವಾಗ ಎಲ್ಲಾ ಗೊತ್ತಿರತ್ತಲ್ವಾ? ಇಲ್ಲಿ ಸಾಕಾ ಅಂತ ಕೇಳಿದ್ರೆ ಸಾಕು, 'ನನ್ನ್ಯಾಕೆ ಕೇಳ್ತೀಯಾ, ನಾನೇನು ಗಡ್ಡೆನಾ' ಅಂತ ಬಯ್ತಾಳೆ."

ಅಗಾಫಿಯಾ ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟಳು. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಅವಳ ಮುಖ ನೋಡಿ ಮತ್ರೋನಾ ಕೂಡ ಬಾಯಿಗೆ ಬಂದ ಚೇಷ್ಟೆಯನ್ನು ನುಂಗಿಕೊಂಡು ಒಲೆಯ ಕಡೆಗೆ ತಿರುಗಿದಳು. ಕೇಳಿದ ನಾಲ್ಕು ಜನ ಹಿರಿಯರು ಹುಬ್ಬೆತ್ತಿ ಹೌದೆಂದರು. ಹೆಸರು ಇಟ್ಟ ಮೇಲೆ ಹೆಸರಿನವನು ಬರದೆ ಇನ್ನೆಲ್ಲಿಗೆ ಹೋಗುತ್ತಾನೆ?

ಅಗಾಫಿಯಾ ಹುಡುಗಿಯ ಎದುರು ಕೂತು, ಅವಳ ಒದ್ದೆ ಬೂಟುಗಳನ್ನು ಒಂದೊಂದಾಗಿ ಎಳೆದು ತೆಗೆದಳು. "ತಪ್ಪಾಯ್ತಪ್ಪಾ," ಎಂದಳು. "ನಾನು ಸರಿಯಾಗಿ ಓದಲಿಲ್ಲ."

ನಸ್ತಾಸಿಯಾ ಕಿವಿಯವರೆಗೂ ಕೆಂಪಾಗಿ, "ಇರಲಿ ಬಿಡಿ ಆಂಟಿ" ಎಂದು ಬಟ್ಟಲೊಳಗೆ ಮುಖ ಹುದುಗಿಸಿದಳು.

ಸೋಮವಾರ ಲಾಂಬರ್ಟ್ ಅಂಕಪಟ್ಟಿ ಹಿಡಿದು ಬಂದ. ಮೇಲಿನ ಕಚೇರಿಗೆ ಕಳಿಸಬೇಕಿತ್ತು. "ನಸ್ತಾಸಿಯಾಗೆ ಐದು ಹಾಕಿಬಿಡೋಣ, ಉಳಿದವರಿಗೆ ಸೊನ್ನೆ. ಸರೀನಾ?"

"ಮಕ್ಕಳಿಗ್ಯಾಕೆ ಸೊನ್ನೆ? ನಾನು ಹೇಳಿಕೊಟ್ಟಿದ್ದು ಅವು ಬರೆದವು. ಅವಕ್ಕೆ ಕೊಟ್ಟಿದ್ದು ಇರಲಿ ಬಿಡಿ, ಕಲಿತ ಶ್ರಮಕ್ಕೆ."

"ಹಾಗಾದ್ರೆ ಅವಳಿಗೆ ಎಷ್ಟು?"

"ಅಪ್ಪನಿಗೆ ಅಂಕ ಹಾಕೋಳು ನಾನ್ಯಾರು ಮೇಷ್ಟ್ರೇ?" ಎಂದಳು ಅಗಾಫಿಯಾ. "ಆ ಜಾಗ ಖಾಲಿ ಬಿಡಿ."

ಖಾಲಿ ಬಿಟ್ಟೇ ಕಳಿಸಿದರು. ಕಚೇರಿಯಿಂದ ಫೋನು ಬಂತು, ಆ ಪ್ರಶ್ನೆಗೆ ಸರಿಯಾದ ಉತ್ತರ ಏನು ಎಂದು ಕೇಳಿದರು. ಲಾಂಬರ್ಟ್ ಕಿಟಕಿಯಾಚೆ ಒಮ್ಮೆ ನೋಡಿ, ಇವತ್ತಿನದು ಬೇಕೋ ನಾಳೆಯದೋ ಎಂದನಂತೆ. ಆ ಕಡೆಯವರು ಫೋನು ಇಟ್ಟರು. ಅವನು ಮೇ ತಿಂಗಳಲ್ಲಿ ಹೋಗುವುದಿಲ್ಲ, ಇನ್ನೊಂದು ವರ್ಷ ಇರುತ್ತಾನೆ ಎಂದು ಮತ್ರೋನಾ ಆವತ್ತೇ ಊರಿಗೆಲ್ಲ ಸಾರಿದಳು.

ಅದೇ ವಾರ ಉತ್ತರದ ಗಾಳಿ ಬೀಸಿ ಚಳಿ ಮರಳಿತು. ಯಾಕೊವ್ ಮತ್ತು ಟಿಮೊಫಿಯ ಅಜ್ಜ ಹಳೆಯ ಸಲಿಕೆ ಹಿಡಿಗಳಿಗೆ ಕಬ್ಬಿಣದ ತುದಿ ಕಟ್ಟಿ ಹತ್ತು ಕೋಲು ಮಾಡಿಕೊಟ್ಟರು. ಹನ್ನೊಂದನೆಯದು ಹೇಗೂ ಇತ್ತು. ಗುರುವಾರ ಬೆಳಿಗ್ಗೆ ಇಡೀ ತರಗತಿ ನದಿಯ ದಡಕ್ಕೆ ನಡೆಯಿತು. ಯಾಕೊವ್ ಹಗ್ಗ ಹಿಡಿದು ಕೊನೆಯಲ್ಲಿ ನಿಂತ. ಲಾಂಬರ್ಟ್ ಪುಸ್ತಕವನ್ನೂ ತಂದಿರಲಿಲ್ಲ, ಪೆನ್ಸಿಲನ್ನೂ ತಂದಿರಲಿಲ್ಲ. ಹಾಲಿನಿಂದ ಗಟ್ಟಿ ಬಿಸ್ಕತ್ತು, ಬೆಣ್ಣೆ, ಚಹಾದ ಪಾತ್ರೆ ಹೊತ್ತು ಮತ್ರೋನಾ ಕೂಡ ಹಿಂದೆಯೇ ಬಂದಳು. "ನಮ್ಮ ಅಗಾಫಿಯಾ ಮತ್ತೆ ಶಾಲೆಗೆ ಸೇರಿದ್ದಾಳೆ, ಮೊದಲನೇ ದಿನ, ನೋಡ್ಬೇಡ್ವಾ?"

ಮೊದಲು ಯಾರು ಇಳಿಯಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನಸ್ತಾಸಿಯಾಳ ಕಡೆ ನೋಡಿದರು. ಹುಡುಗಿ ತನ್ನ ಕೈಯಲ್ಲಿದ್ದ ಹಳೆಯ ಕುಟ್ಟುಗೋಲನ್ನು ಅಗಾಫಿಯಾಳ ಕೈಗೆ ಕೊಟ್ಟು, ಹಗ್ಗವನ್ನು ಅವಳ ಸೊಂಟಕ್ಕೆ ಸುತ್ತಿ ಗಂಟು ಹಾಕಿ, ತಾನು ಹಿಂದೆ ನಿಂತಳು.

ಕೋಲು ಕೈಯಲ್ಲಿ ಹಳೆಯ ಜಾಗಕ್ಕೇ ಬಂದು ಕೂತಿತು. ಅಗಾಫಿಯಾ ಗಡ್ಡೆಗೆ ಇಳಿದಳು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ನಲವತ್ತನಾಲ್ಕು ವರ್ಷದ ಹಿಂದಿನ ಅಭ್ಯಾಸ, ತನಗೇ ಅರಿವಿಲ್ಲದೆ ಅರ್ಧ ಹಿಂದೆ ತಿರುಗಿದಳು.

"ಅಪ್ಪಾ, ಇಲ್ಲಿ ಸಾಕಾ?"

ಹುಡುಗರು ಪಿಸಿಪಿಸಿ ನಗತೊಡಗಿದರು. ನಸ್ತಾಸಿಯಾ ಅವರ ಕಡೆ ಒಮ್ಮೆ ಕೆಕ್ಕರಿಸಿ ನೋಡಿ, ಆಮೇಲೆ ಇವಳ ಕಡೆ ತಿರುಗಿದಳು.

"ಕುಟ್ಟಿ ನೋಡು ಮಗಳೇ," ಎಂದಳು.

ಅಗಾಫಿಯಾ ಮುಂದಕ್ಕೆ ತಿರುಗಿ, ಕೋಲೆತ್ತಿ ಕುಟ್ಟಿದಳು.